‘ನೀನೇ ಗುಲಾಮ ಅಂದುಕೊಂಡು ಡೈರಿ ಬರೆ’: ಮಗಳ ಹೋಂವರ್ಕ್ ನೋಡಿ ತಲೆ ಕೆಟ್ಟಿದೆ, ಏನು ಓದಿಸಲಿ?

ರಾಲಿ ರಾಗಿಮುದ್ದೆ

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ನಾರ್ತ್ ಕೆರೊಲೈನಾದಲ್ಲಿ. ಮಗಳು ಎಂಟನೇ ಕ್ಲಾಸು. ಹೋದ ವಾರ ಸಮಾಜ ಪಾಠಕ್ಕೆ ಒಂದು ಹೋಂವರ್ಕ್ ಬಂತು. 1850ರಲ್ಲಿ ನೀನೊಬ್ಬ ಗುಲಾಮ ಅಂದುಕೊಂಡು ಒಂದು ದಿನದ ಡೈರಿ ಬರೆ ಅಂತ. ಇವಳು ಅರ್ಧ ಗಂಟೆಯಲ್ಲಿ ಮುಗಿಸಿ ಟಿವಿ ಮುಂದೆ ಕೂತಳು. ಬೆಳಗ್ಗೆ ಎದ್ದೆ, ಹತ್ತಿ ಬಿಡಿಸಿದೆ, ಬೆನ್ನು ನೋವಾಯಿತು, ಯಜಮಾನ ಬೈದ, ರಾತ್ರಿ ನಕ್ಷತ್ರ ನೋಡುತ್ತಾ ಸ್ವಾತಂತ್ರ್ಯದ ಕನಸು ಕಂಡೆ. ಕೊನೆಗೊಂದು ಹಕ್ಕಿ ಚಿತ್ರ. ಪೂರ್ತಿ ಮಾರ್ಕ್ಸು ಬಂದಿದೆ. ತುಂಬಾ ಮನಮುಟ್ಟುವಂತಿದೆ ಅಂತ ಷರಾ ಬೇರೆ.

ನನಗೆ ಏನೋ ಕಸಿವಿಸಿ. ಹುಡುಗಿ ತಪ್ಪು ಮಾಡಿಲ್ಲ. ಟೀಚರ್ ಕೂಡ ಒಳ್ಳೆಯವರೇ, ಅದಕ್ಕೇ ಶಾಲೆ ಹೆಸರು ಬೇಡ. ಆದರೆ ಅರ್ಧ ಗಂಟೆಯಲ್ಲಿ ಮುಗಿಯುವ ವಿಷಯವಾ ಇದು? ಕ್ಲಾಸಿನಲ್ಲಿ ಇಬ್ಬರು ಕಪ್ಪು ಮಕ್ಕಳಿದ್ದಾರಂತೆ. ಅದರಲ್ಲೊಬ್ಬ ಹುಡುಗ ಖಾಲಿ ಹಾಳೆ ಕೊಟ್ಟನಂತೆ. ಮಗಳು ಅದನ್ನು ಸುಮ್ನೆ ಸುದ್ದಿ ಹೇಳುವ ಹಾಗೆ ಹೇಳಿದಳು.

ಅವಳಿಗೆ ಮನೆಯಲ್ಲಿ ಆ ಕಾಲದ ನಿಜವಾದ ಕಾಗದ ಏನಾದರೂ ಓದಿಸಬೇಕು ಅಂತ ಆಸೆ. ನಾನು ಓದಿದ್ದು ಎಂಜಿನಿಯರಿಂಗ್. ಇತಿಹಾಸ ಪರೀಕ್ಷೆಗೆ ಇಸವಿ ಬಾಯಿಪಾಠ ಮಾಡಿದ್ದಷ್ಟೇ ನೆನಪು. ಎಲ್ಲಿಂದ ಶುರು ಮಾಡಲಿ?

ಚಾಕ್‌ಪೀಸು

ಮೇಡಂ, ಹಾವೇರಿ ಕಡೆ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ನಿವೃತ್ತನಾದವನು ನಾನು. ಈ ತಪ್ಪು ನಾನೂ ಮಾಡಿದ್ದೇನೆ. ಒಂದು ವರ್ಷ, ನೀನು ಜಲಿಯನ್‌ವಾಲಾ ಬಾಗ್‌ನಲ್ಲಿ ಇದ್ದೆ ಅಂದುಕೊಂಡು ಬರೆ ಅಂದೆ. ನಲವತ್ತು ಮಕ್ಕಳೂ ಗುಂಡು ತಿಂದು ಸತ್ತರು. ಸತ್ತ ಮೇಲೂ ಒಂದೊಂದು ಪುಟ ಬರೆದಿದ್ದರು. ಕಲ್ಪಿಸಿಕೋ ಅಂದರೆ ಮಗು ತನಗೆ ಗೊತ್ತಿರುವುದನ್ನೇ ಬರೆಯುತ್ತದೆ. ಗೊತ್ತಿಲ್ಲದ್ದು ಎದುರಿಗೇ ಬರುವುದಿಲ್ಲ.

ಒಂದೇ ಒಂದು ಕಾಗದ ತೆಗೆದುಕೊಳ್ಳಿ. 1769ರ ಸೆಪ್ಟೆಂಬರಿನಲ್ಲಿ ವರ್ಜೀನಿಯಾ ಗೆಜೆಟ್ ಎಂಬ ಪತ್ರಿಕೆಯಲ್ಲಿ ಬಂದ ಪುಟ್ಟ ಜಾಹೀರಾತು. ಓಡಿಹೋದ ಗುಲಾಮನನ್ನು ಹಿಡಿದು ತಂದವರಿಗೆ ಬಹುಮಾನ ಅಂತ. ಇಂಟರ್‌ನೆಟ್‌ನಲ್ಲಿ ಸುಲಭವಾಗಿ ಸಿಗುತ್ತದೆ.

ಓಡಿಹೋದವನ ಹೆಸರು ಸ್ಯಾಂಡಿ. ವಯಸ್ಸು ಸುಮಾರು 35. ಕುಳ್ಳ, ಸ್ವಲ್ಪ ದಪ್ಪ, ಮೈಬಣ್ಣ ತಿಳಿ. ಜೋಡು ಹೊಲಿಯುವುದು ಕಸುಬು, ಅದನ್ನು ಹೆಚ್ಚಾಗಿ ಎಡಗೈಯಲ್ಲಿ ಮಾಡುತ್ತಾನೆ. ಒರಟು ಮರಗೆಲಸವೂ ಬರುತ್ತದೆ. ಕುದುರೆ ಸವಾರಿಯಲ್ಲಿ ಕೈ ಪಳಗಿದೆ. ವಿಪರೀತ ಕುಡಿಯುತ್ತಾನೆ, ಕುಡಿದರೆ ಎದುರು ಮಾತಾಡುತ್ತಾನೆ. ಮಾತೆತ್ತಿದರೆ ಬೈಗುಳ. ನಡತೆಯಲ್ಲಿ ಕಪಟಿ. ಹೋಗುವಾಗ ಒಂದು ಬಿಳಿ ಕುದುರೆ ಒಯ್ದಿದ್ದಾನೆ. ಗಾಡಿ ಎಳೆದೂ ಎಳೆದೂ ಅದರ ಮೈಮೇಲೆ ಪಟ್ಟಿ ಉಜ್ಜಿದ ಗಾಯದ ಕಲೆ. ಜೋಡು ಹೊಲಿಯುವ ಸಾಮಾನನ್ನೂ ಒಯ್ದಿದ್ದಾನೆ, ಅದೇ ಕೆಲಸ ಹುಡುಕಬಹುದು. ಕೌಂಟಿಯೊಳಗೆ, ಅಂದರೆ ಅದೇ ಜಿಲ್ಲೆಯಲ್ಲಿ ಹಿಡಿದರೆ 40 ಶಿಲ್ಲಿಂಗ್, ಕಾಲೊನಿಯಲ್ಲಿ (ಆಗ ಬ್ರಿಟಿಷರ ವಸಾಹತಾಗಿದ್ದ ವರ್ಜೀನಿಯಾದಲ್ಲಿ) ಬೇರೆ ಕಡೆ 4 ಪೌಂಡ್, ಕಾಲೊನಿ ದಾಟಿದ್ದರೆ 10 ಪೌಂಡ್. ಕೆಳಗೆ ಹೆಸರು: ಥಾಮಸ್ ಜೆಫರ್ಸನ್.

ಹೌದು, ಮುಂದೆ ಅಮೆರಿಕದ ಅಧ್ಯಕ್ಷನಾದ ಅದೇ ಜೆಫರ್ಸನ್. ಆಗ ಅವನಿಗೆ 26. ಏಳು ವರ್ಷ ಬಿಟ್ಟು, ಎಲ್ಲ ಮನುಷ್ಯರೂ ಹುಟ್ಟಿನಿಂದ ಸಮಾನರು ಅಂತ ಅಮೆರಿಕದ ಸ್ವಾತಂತ್ರ್ಯ ಘೋಷಣೆಯಲ್ಲಿ ಬರೆದ ಕೈ ಅದೇ. ಸ್ಯಾಂಡಿ ಸಿಕ್ಕಿಬಿದ್ದ. 1773ರಲ್ಲಿ ಜೆಫರ್ಸನ್ ಅವನನ್ನು 100 ಪೌಂಡಿಗೆ ಮಾರಿದ.

ನಾನು ಇದನ್ನು ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆದು ಮೂರು ಸಲ ಓದಿಸುತ್ತಿದ್ದೆ. ಮೊದಲ ಸಲ ಹುಡುಗರು ಕುಡುಕ ಅನ್ನುವ ಕಡೆ ನಗುತ್ತಿದ್ದರು. ನಗಲಿ ಬಿಡಿ. ಎರಡನೇ ಸಲ, ಯಜಮಾನ ಎಲ್ಲಿ ಗುರುತು ಹೇಳುತ್ತಿದ್ದಾನೆ, ಎಲ್ಲಿ ಬೈಯುತ್ತಿದ್ದಾನೆ ಅಂತ ಗೆರೆ ಎಳೆಯಬೇಕು. ಮೂರನೇ ಸಲ, ಸ್ಯಾಂಡಿ ತಾನಾಗಿ ಏನೇನು ಮಾಡಿದ ಅಂತ ಕ್ರಿಯಾಪದ ಮಾತ್ರ ಆರಿಸಬೇಕು. ಓಡಿದ. ಕುದುರೆ ಒಯ್ದ. ಸಾಮಾನು ಕಟ್ಟಿಕೊಂಡ. ಎದುರು ಮಾತಾಡಿದ. ಅಲ್ಲಿಗೆ ನಗು ನಿಲ್ಲುತ್ತಿತ್ತು.

ಒಮ್ಮೆ ಒಬ್ಬ ಹುಡುಗಿ ಕೈ ಎತ್ತಿದಳು. ಅವಳ ಅಪ್ಪ ಸಂತೆಯಲ್ಲಿ ಚಪ್ಪಲಿ ಹೊಲಿಯುತ್ತಿದ್ದರು. ‘ಸರ್, ನಮ್ಮಪ್ಪನೂ ಎಡಚ. ಉಳಿ ಮಸೆಯೋದೇ ಬೇರೆ ಕಡೆಯಿಂದ. ಬೇರೆಯವರ ಉಳಿ ಅಪ್ಪನ ಕೈಗೆ ಒಗ್ಗಲ್ಲ. ಅದಕ್ಕೇ ಅವನೂ ತನ್ನ ಸಾಮಾನು ಬಿಟ್ಟು ಹೋಗಿಲ್ಲ’ ಅಂದಳು. ಇಡೀ ಕ್ಲಾಸು ಅವಳ ಕಡೆ ತಿರುಗಿತು. ಎರಡು ಶತಮಾನದ ಹಿಂದಿನ ಮನುಷ್ಯ ಆ ದಿನ ನಮ್ಮ ಕೋಣೆಗೆ ಬಂದು ಕೂತ ಹಾಗಾಯಿತು.

ಅಡ್ಡಪ್ರಶ್ನೆ

ಮೇಷ್ಟ್ರೇ, ಕತೆ ಚೆನ್ನಾಗಿದೆ. ಆದರೆ ಉಳಿ ಮಸೆಯುವ ವಿಷಯ ಜಾಹೀರಾತಿನಲ್ಲಿ ಇಲ್ಲವಲ್ಲ? ಹುಡುಗಿ ತನ್ನ ಅಪ್ಪನನ್ನು ಸ್ಯಾಂಡಿಯ ಮೇಲೆ ಹೊದಿಸಿದಳು ಅಷ್ಟೆ. ಈ ಮಿಡಿಯುವುದು, ತುಡಿಯುವುದು ಎಲ್ಲ ಶುರುವಾದರೆ ಇತಿಹಾಸ ಧಾರಾವಾಹಿ ಆಗುತ್ತದೆ. ದಾಖಲೆ ಏನು ಹೇಳುತ್ತದೋ ಅಷ್ಟನ್ನು ಓದಿ. ಅಂಕಿ ಸಂಖ್ಯೆ ನೋಡಿ. ಕಣ್ಣೀರು ಹಾಕಲು ಬೇರೆ ಜಾಗ ಇದೆ.

ಚಾಕ್‌ಪೀಸು

ಸರಿಯಾದ ಪ್ರಶ್ನೆ. ಅದಕ್ಕೇ ಬೋರ್ಡಿನ ಮೇಲೆ ಎರಡು ಕಂಬ ಹಾಕುತ್ತಿದ್ದೆ. ಒಂದು ‘ಕಾಗದದಲ್ಲಿ ಇದೆ’, ಇನ್ನೊಂದು ‘ನಮ್ಮ ಊಹೆ’. ಸಾಮಾನು ಒಯ್ದದ್ದು, ಅದರಿಂದ ಹೊಟ್ಟೆ ಹೊರೆಯಬಹುದು ಅಂತ ಯಜಮಾನನೇ ಅಂದಾಜು ಮಾಡಿದ್ದು ಮೊದಲ ಕಂಬಕ್ಕೆ. ಉಳಿ ಎರಡನೇ ಕಂಬಕ್ಕೆ. ಹುಡುಗಿ ತಾನೇ ಹೋಗಿ ಎರಡನೇ ಕಂಬದಲ್ಲಿ ಬರೆದಳು. ಊಹೆ ಮಾಡಬಾರದು ಅಂತಲ್ಲ ಸರ್. ಊಹೆಗೆ ಊಹೆ ಅಂತ ಚೀಟಿ ಅಂಟಿಸಬೇಕು.

ಇನ್ನೊಂದು ಮಾತು. ಜಾಹೀರಾತನ್ನು ಏನೂ ಅನ್ನಿಸದೆ ಓದಿದರೆ ನಾವು ನಡುವೆ ನಿಂತ ಹಾಗಲ್ಲ. ಅದನ್ನು ಬರೆದವನು ತನ್ನ ಕಣ್ಣಿನಿಂದ ನೋಡಿ ಬರೆದಿದ್ದಾನೆ. ನಾವು ಸುಮ್ಮನೆ ಓದಿದರೆ ಅವನ ಕಣ್ಣಿನಿಂದಲೇ ನೋಡುತ್ತೇವೆ. ಹುಡುಗರು ನಕ್ಕದ್ದು ಅದಕ್ಕೇ.

ಪದದ ಪೆಟ್ಟಿಗೆ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಇನ್ನೊಬ್ಬರ ನೋವನ್ನು ಅವರ ಕಡೆಯಿಂದ ನೋಡುವ ಈ ‘ಎಂಪಥಿ’ಗೆ ಕನ್ನಡದಲ್ಲಿ ಏನನ್ನುತ್ತೀರಿ? ಅನುಕಂಪ ಅಂದರೆ ಸರ್ಕಾರಿ ನೌಕರಿ ನೆನಪಾಗುತ್ತದೆ. ಮರುಕ ಅಂದರೆ ಮೇಲೆ ನಿಂತು ಕೆಳಗೆ ನೋಡಿದ ಹಾಗೆ. ಸಹಾನುಭೂತಿ ಶೋಕಸಭೆಯ ಮಾತಾಗಿದೆ. ನಮ್ಮಜ್ಜಿ ‘ಅವರ ಜಾಗದಲ್ಲಿ ನಿಂತು ನೋಡು’ ಅನ್ನುತ್ತಿರಲಿಲ್ಲ, ‘ಅವರ ಹೊಟ್ಟೆ ಉರಿ ಅವರಿಗೇ ಗೊತ್ತು’ ಅನ್ನುತ್ತಿದ್ದಳು. ನನಗೆ ಎರಡನೆಯದೇ ಜಾಸ್ತಿ ಪ್ರಾಮಾಣಿಕ ಅನ್ನಿಸುತ್ತದೆ.

ಗುಲಾಮ ಪದವೂ ಅಷ್ಟೆ. ಅರಬ್ಬಿಯಿಂದ ಬಂದದ್ದು. ಅದು ಅಮೆರಿಕದ್ದು, ಪಠ್ಯಪುಸ್ತಕದ್ದು ಅನ್ನಿಸಿ ದೂರ ನಿಂತುಬಿಡುತ್ತದೆ. ನಮ್ಮದೇ ಹಳೆಯ ಮಾತು ತೊತ್ತು. ಅದು ಈಗ ಬೈಗುಳದಲ್ಲಿ ಮಾತ್ರ ಉಳಿದಿದೆ. ‘ತೊತ್ತಿನ ಮಗ’ ಅಂತ ಬೈಯುವವರಿಗೆ ತಾವು ಒಂದು ದಾಖಲೆ ಉಚ್ಚರಿಸುತ್ತಿದ್ದೇವೆ ಅಂತ ಗೊತ್ತೇ ಇರುವುದಿಲ್ಲ.

ಹಳೇ ಕಡತ

@ರಾಲಿ ರಾಗಿಮುದ್ದೆ ಅಕ್ಕ, ನೀವು ನಾರ್ತ್ ಕೆರೊಲೈನಾದಲ್ಲೇ ಇರುವುದರಿಂದ ನಿಮ್ಮ ರಾಜ್ಯದ್ದೇ ಒಂದು ಕಾಗದ ಹೇಳುತ್ತೇನೆ. ನಾನು ಇಲ್ಲೊಂದು ಗ್ರಂಥಾಲಯದಲ್ಲಿ ಕೆಲಸ ಮಾಡುವವಳು, ಹಳೆಯ ಪತ್ರಿಕೆ ತಿರುವಿ ಹಾಕುವುದೇ ನನ್ನ ಹೊಟ್ಟೆಪಾಡು.

ಎಡೆಂಟನ್ ಎಂಬ ಊರು. ಅಲ್ಲಿನ ವೈದ್ಯ ಜೇಮ್ಸ್ ನಾರ್ಕಮ್ 1835ರಲ್ಲಿ ಒಂದು ಜಾಹೀರಾತು ಹಾಕಿಸಿದ. 100 ಡಾಲರ್ ಬಹುಮಾನ. ಹ್ಯಾರಿಯೆಟ್ ಎಂಬ ಹೆಂಗಸು, ವಯಸ್ಸು 21. ತಲೆ ತುಂಬ ಗುಂಗುರು ಕೂದಲು, ಬಾಚಿದರೆ ನೇರವಾಗುತ್ತದೆ. ಮಾತು ಸರಾಗ, ನಡೆನುಡಿ ಹಿತ. ಹೊಲಿಗೆ ಚೆನ್ನಾಗಿ ಬರುವುದರಿಂದ ಒಳ್ಳೆಯ ಬಟ್ಟೆ ತೊಟ್ಟು ರೂಢಿ. ಆಮೇಲೆ ಒಂದು ಸಾಲು: ಯಾವ ಕಾರಣವೂ ಇಲ್ಲದೆ, ಯಾರೂ ಕೆಣಕದೆ ನನ್ನ ಮಗನ ತೋಟದಿಂದ ಓಡಿಹೋಗಿದ್ದಾಳೆ.

ಬೇರೆ ಯಾವ ಜಾಹೀರಾತೇ ಆಗಿದ್ದರೂ ಕತೆ ಇಲ್ಲಿಗೆ ನಿಲ್ಲುತ್ತಿತ್ತು. ಆದರೆ ಹ್ಯಾರಿಯೆಟ್ ಜೇಕಬ್ಸ್ 1861ರಲ್ಲಿ ತನ್ನ ಬದುಕನ್ನು ತಾನೇ ಬರೆದು ಅಚ್ಚು ಹಾಕಿಸಿದಳು. ಅದರಲ್ಲಿ ಆ ‘ಇಲ್ಲದ ಕಾರಣ’ ಇದೆ. ಹದಿನೈದರ ವಯಸ್ಸಿನಿಂದ ಆ ವೈದ್ಯ ಅವಳ ಬೆನ್ನು ಬಿದ್ದಿದ್ದ. ಕಿವಿಯಲ್ಲಿ ಹೊಲಸು ಮಾತು ಪಿಸುಗುಡುತ್ತಿದ್ದ. ಓಡಿಹೋದವಳು ದೂರ ಎಲ್ಲೂ ಹೋಗಿರಲಿಲ್ಲ. ಸ್ವಲ್ಪ ದಿನ ಅಲ್ಲಿ ಇಲ್ಲಿ ಅಡಗಿದ್ದು, ಕೊನೆಗೆ ಅದೇ ಊರಿನಲ್ಲಿ ಅಜ್ಜಿಯ ಮನೆಯ ಅಟ್ಟ ಸೇರಿದಳು. ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ. ಎತ್ತರ ಎಲ್ಲಕ್ಕಿಂತ ಜಾಸ್ತಿ ಇದ್ದ ಕಡೆ ಮೂರು ಅಡಿ. ಅಲ್ಲಿ ಸುಮಾರು ಏಳು ವರ್ಷ. ಒಂದು ಬೈರಿಗೆ ಸಿಕ್ಕಿತು. ಅದರಲ್ಲಿ ಹಲಗೆಗೆ ತೂತು ಕೊರೆದು, ಬೀದಿಯಲ್ಲಿ ಆಡುವ ತನ್ನ ಎರಡು ಮಕ್ಕಳನ್ನು ನೋಡುತ್ತಿದ್ದಳು. ಅಮ್ಮ ತಲೆಯ ಮೇಲೇ ಇದ್ದಾಳೆ ಅಂತ ಮಕ್ಕಳಿಗೆ ಗೊತ್ತಿಲ್ಲ. 1842ರಲ್ಲಿ ಹಡಗು ಹತ್ತಿ ಉತ್ತರಕ್ಕೆ ಪಾರಾದಳು.

ಎರಡೂ ಕಾಗದ ಅಕ್ಕಪಕ್ಕ ಇಟ್ಟು ಓದಿಸಿ. ಆಮೇಲೆ ಬೇರೆ ಜಾಹೀರಾತುಗಳಲ್ಲಿ ‘ಕಾರಣವಿಲ್ಲದೆ’ ಅಂತ ಕಂಡಾಗೆಲ್ಲ ಮಗು ತಾನೇ ನಿಲ್ಲುತ್ತದೆ.

ಅಡ್ಡಪ್ರಶ್ನೆ

ಕಡತ ಮೇಡಂ, ಈ ಪುಸ್ತಕದ ವಿಷಯದಲ್ಲೇ ನನ್ನ ವಾದಕ್ಕೆ ಸಾಕ್ಷಿ ಇದೆ. ಜೇಕಬ್ಸ್ ಬೇರೆ ಹೆಸರಿನಲ್ಲಿ ಬರೆದಿದ್ದಳು. ತಿದ್ದಿದ್ದು ಲಿಡಿಯಾ ಮರಿಯಾ ಚೈಲ್ಡ್ ಎಂಬ ಬಿಳಿಯ ಲೇಖಕಿ. ಅದಕ್ಕೇ ಎಷ್ಟೋ ಕಾಲ ಇತಿಹಾಸಕಾರರು ಇದು ಕಾದಂಬರಿ, ಚೈಲ್ಡ್ ಬರೆದದ್ದು ಅಂದುಕೊಂಡಿದ್ದರು. ಓದಿ ಕಣ್ಣೀರು ಹಾಕಿದವರಿಂದ ಅದು ಬಗೆಹರಿಯಲಿಲ್ಲ. 1980ರ ದಶಕದಲ್ಲಿ ಜೀನ್ ಫೇಗನ್ ಯೆಲಿನ್ ಎಂಬ ವಿದ್ವಾಂಸೆ ಹಳೆಯ ಪತ್ರ, ದಾಖಲೆ ಎಲ್ಲ ಹುಡುಕಿ, ತಾಳೆ ನೋಡಿ, ಇದು ಜೇಕಬ್ಸ್ ಬರೆದದ್ದೇ, ಕತೆಯ ವೈದ್ಯ ನಾರ್ಕಮ್‌ನೇ ಅಂತ ತೋರಿಸಿದರು. ಕೆಲಸಕ್ಕೆ ಬಂದದ್ದು ಕಡತ, ಕರುಣೆ ಅಲ್ಲ.

ಹಳೇ ಕಡತ

ಒಪ್ಪಿದೆ ಸರ್. ಆದರೆ ಒಂದು ಕೇಳುತ್ತೇನೆ. ಯೆಲಿನ್ ಹುಡುಕಲು ಹೊರಟದ್ದು ಯಾಕೆ? ಈ ಹೆಂಗಸು ಸುಳ್ಳು ಹೇಳುತ್ತಿಲ್ಲ ಅಂತ ಮೊದಲು ಅನ್ನಿಸಿರಬೇಕು ಅಲ್ವಾ? ಕಾದಂಬರಿ ಅಂತ ತೀರ್ಮಾನ ಮಾಡಿದವರ ಎದುರಿಗೂ ಅವೇ ಪೆಟ್ಟಿಗೆಗಳು ಇದ್ದವು. ಯಾರೂ ತೆರೆದಿರಲಿಲ್ಲ.

ಅಡ್ಡಪ್ರಶ್ನೆ

ಹ್ಞೂಂ. ಇದಕ್ಕೆ ನಾಳೆ ಉತ್ತರ ಕೊಡುತ್ತೇನೆ.

(ಕೊಡಲಿಲ್ಲ ಅಂತ ನೆನಪಿಸಬೇಡಿ.)

ಟೇಪ್ ರೆಕಾರ್ಡರ್

ನಾನು ಹಳ್ಳಿ ಸುತ್ತಿ ಹಾಡು, ಕತೆ ರೆಕಾರ್ಡ್ ಮಾಡಿಕೊಳ್ಳುವವಳು. ಹಾಗಾಗಿ ಸೂಸನ್ ಹ್ಯಾಮ್ಲಿನ್ ಅಜ್ಜಿಯ ಎರಡು ಸಂದರ್ಶನಗಳ ಬಗ್ಗೆ ಹೇಳದೆ ಇರಲಾರೆ.

1936ರಿಂದ 1938ರವರೆಗೆ ಅಮೆರಿಕ ಸರ್ಕಾರ ಕೆಲಸವಿಲ್ಲದ ಬರಹಗಾರರಿಗೆ ಸಂಬಳ ಕೊಟ್ಟು, ಗುಲಾಮಗಿರಿ ಕಂಡು ಬದುಕಿದ್ದ ಮುದುಕ ಮುದುಕಿಯರ ಮಾತು ಬರೆಸಿತು. 2,300ಕ್ಕೂ ಹೆಚ್ಚು ಜನರ ಮಾತು ಇದೆ. ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನೆಲ್ಲ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಇಟ್ಟಿದೆ. ಬರೆದುಕೊಂಡವರಲ್ಲಿ ಹೆಚ್ಚಿನವರು ಬಿಳಿಯರು.

ಸೌತ್ ಕೆರೊಲೈನಾದ ಚಾರ್ಲ್‌ಸ್ಟನ್ ಊರಿನ ಈ ನೂರು ದಾಟಿದ ಅಜ್ಜಿಯ ಹತ್ತಿರ ಇಬ್ಬರು ಹೋದರು. ಒಬ್ಬರು ಜೆಸ್ಸಿ ಬಟ್ಲರ್ ಎಂಬ ಬಿಳಿಯ ಹೆಂಗಸು. ಅಜ್ಜಿ ಬಾಗಿಲ ಹತ್ತಿರ ಮೆಟ್ಟಿಲ ಮೇಲೆ ಕೂತಿದ್ದಳು. ಇವರು ನೆರವಿನ ಹಣ ಕೊಡುವ ಆಫೀಸಿನವರು ಅಂದುಕೊಂಡಳು. ಬಟ್ಲರ್ ಅದನ್ನು ತಾವೇ ದಾಖಲಿಸಿದ್ದಾರೆ, ಅಲ್ಲ ಅಂತ ತಿದ್ದಲಿಲ್ಲ ಅಂತಲೂ ಬರೆದಿದ್ದಾರೆ. ಆವತ್ತು ಅಜ್ಜಿ ಹೇಳಿದ್ದು: ಯಜಮಾನ ಫುಲ್ಲರ್ ಒಳ್ಳೆಯ ಮನುಷ್ಯ. ಅವನ ಹೆಂಡತಿ ಕಡೆಯವರೂ ಒಳ್ಳೆಯವರು. ಎಲ್ಲರೂ ಚೆನ್ನಾಗಿ ನೋಡಿಕೊಂಡರು.

ಇನ್ನೊಬ್ಬರು ಆಗಸ್ಟಸ್ ಲ್ಯಾಡ್ಸನ್. ಕಪ್ಪು ಮನುಷ್ಯ. ಅದೇ ಅಜ್ಜಿ. ಇವರಿಗೆ ಹೇಳಿದ್ದು: ಮುನ್ಸೂಚನೆ ಇಲ್ಲದೆ ಅಪ್ಪನನ್ನೋ ಅಮ್ಮನನ್ನೋ ಮಾರಿಬಿಡುತ್ತಿದ್ದರು, ಹಗಲೂ ರಾತ್ರಿ ಜನ ಕಿರುಚುವುದು ಕೇಳಿಸುತ್ತಿತ್ತು. ಮದುವೆಯಾದ ಮಾರನೇ ದಿನವೇ ಗಂಡ ಹೆಂಡತಿಯನ್ನು ಅಗಲಿಸಿ ಮಾರಿದ್ದುಂಟು. ಜನ ಎದೆಯೊಡೆದು ಸಾಯುತ್ತಿದ್ದರು. ಬಿಳಿಯರಿಗೆ ನಾಚಿಕೆಯೇ ಇಲ್ಲ ಅಂತಲೂ ಅಂದಳು. ಅವಳ ಹೆಸರು ಕೂಡ ಎರಡು ಕಡೆ ಒಂದೇ ಥರ ಇಲ್ಲ. ಒಂದರಲ್ಲಿ ಹ್ಯಾಮ್ಲಿನ್, ಇನ್ನೊಂದರಲ್ಲಿ ಹ್ಯಾಮಿಲ್ಟನ್.

ಯಾವುದು ನಿಜ ಅಂತ ಕೇಳಿದರೆ ನಾನು ಎರಡೂ ಅನ್ನುತ್ತೇನೆ. ಬಟ್ಲರ್ ಬರೆದುಕೊಂಡದ್ದು ಫುಲ್ಲರ್ ಬಗ್ಗೆ ಏನೂ ಹೇಳುವುದಿಲ್ಲ. 1937ರಲ್ಲಿ ಒಬ್ಬ ಬಡ ಕಪ್ಪು ಅಜ್ಜಿ ಬಿಳಿಯ ಅಧಿಕಾರಿಣಿಯ ಮುಂದೆ ಹೇಗೆ ಮಾತಾಡಬೇಕಿತ್ತು ಅನ್ನುವುದರ ದಾಖಲೆ ಅದು.

ನನಗೂ ಹೀಗೇ ಆಗಿದೆ. ಒಂದೂರಿನಲ್ಲಿ ಅಜ್ಜಿಯೊಬ್ಬರು ‘ಎಲ್ಲಾ ಚಂದ ಐತವ್ವ, ಗೌಡರು ದೇವರಂಥೋರು’ ಅಂತ ಹೇಳುತ್ತಲೇ ಇದ್ದರು. ಬಾಗಿಲಲ್ಲಿ ಪಂಚಾಯಿತಿ ಮೆಂಬರ್ ನಿಂತಿದ್ದ. ಅವನು ಬೀಡಿ ಹಚ್ಚಲು ಆಚೆ ಹೋದ. ಅಜ್ಜಿ ನನ್ನ ಮೊಣಕೈ ಹಿಡಿದು, ‘ಆ ಡಬ್ಬಿ ಆರಿಸವ್ವ’ ಅಂದರು. ಆರಿಸಿದೆ. ಆಮೇಲೆ ಕೇಳಿದ್ದನ್ನು ನಾನು ಎಲ್ಲೂ ಬರೆದಿಲ್ಲ. ಇಲ್ಲೂ ಬರೆಯುವುದಿಲ್ಲ.

ಇನ್ನೊಂದು ಸಣ್ಣ ತಕರಾರು. ಆ ಸಂದರ್ಶನಗಳನ್ನು ಓದುವಾಗ ಇಂಗ್ಲಿಷ್ ಒಡೆದು ಒಡೆದು ಬರೆದಿರುತ್ತಾರೆ, ಕಪ್ಪು ಜನರ ಉಚ್ಚಾರಣೆ ತೋರಿಸಲು. ನಮ್ಮಲ್ಲೂ ಇದೇ ಚಾಳಿ. ಡಾಕ್ಟರು ‘ಏನ್ ಮಾಡೋಕಾಗುತ್ತೆ’ ಅಂದರೆ ಪತ್ರಿಕೆಯಲ್ಲಿ ‘ಏನು ಮಾಡಲು ಸಾಧ್ಯ’ ಅಂತ ಅಚ್ಚಾಗುತ್ತದೆ. ಕೂಲಿಯಾಕೆ ಮಾತ್ರ ‘ಯೋಳ್ತೀನಿ ಸೋಮಿ’ ಅಂತಲೇ ಅಚ್ಚಾಗುತ್ತಾಳೆ.

ಬ್ಯಾಲೆನ್ಸ್ ಶೀಟು

ನಾನು ಲೆಕ್ಕಪತ್ರದ ಮನುಷ್ಯ. ನನಗೆ ಇಷ್ಟವಾದ ಕಾಗದ, ಗುಲಾಮಗಿರಿಯಿಂದ ಬಿಡುಗಡೆಯಾದ ಜೋರ್ಡನ್ ಆಂಡರ್ಸನ್ ಎಂಬಾತ 1865ರ ಆಗಸ್ಟ್‌ನಲ್ಲಿ ಒಹಾಯೊ ರಾಜ್ಯದ ಡೇಟನ್‌ನಿಂದ ಹೇಳಿ ಬರೆಸಿದ ಪತ್ರ. ಅಮೆರಿಕದ ಅಂತರ್ಯುದ್ಧ ಮುಗಿದಿದೆ. ಟೆನೆಸೀಯ ಹಳೆಯ ಯಜಮಾನ, ವಾಪಸ್ ಬಾ, ಚೆನ್ನಾಗಿ ನೋಡಿಕೊಳ್ಳುತ್ತೇನೆ ಅಂತ ಕಾಗದ ಹಾಕಿದ್ದ. ಇವನ ಉತ್ತರ: ಸಂತೋಷ. ನಿಮ್ಮ ಮಾತು ನಿಜವಾ ಅಂತ ನೋಡಲು ಹಿಂದಿನ ಸಂಬಳ ಕಳಿಸಿ. ನಾನು 32 ವರ್ಷ, ಹೆಂಡತಿ ಮ್ಯಾಂಡಿ 20 ವರ್ಷ. ನನಗೆ ತಿಂಗಳಿಗೆ 25 ಡಾಲರ್, ಅವಳಿಗೆ ವಾರಕ್ಕೆ 2. ಒಟ್ಟು 11,680 ಡಾಲರ್. ಅದರಲ್ಲಿ ನಮ್ಮ ಬಟ್ಟೆ ಖರ್ಚು, ನನಗೆ ಮೂರು ಸಲ ಡಾಕ್ಟರ್ ಬಂದದ್ದು, ಮ್ಯಾಂಡಿಯ ಒಂದು ಹಲ್ಲು ಕೀಳಿಸಿದ್ದು ಮುರಿದುಕೊಳ್ಳಿ.

ಕೂಡಿ ನೋಡಿದೆ. 9,600 ಮತ್ತು 2,080. ತಾಳೆ ಆಗುತ್ತದೆ. ಕೊನೆಯ ಸಾಲಿನಲ್ಲಿ, ನೀವು ನನ್ನ ಮೇಲೆ ಗುಂಡು ಹಾರಿಸುತ್ತಿದ್ದಾಗ ನಿಮ್ಮ ಕೈಯಿಂದ ಪಿಸ್ತೂಲು ಕಿತ್ತುಕೊಂಡ ಜಾರ್ಜ್ ಕಾರ್ಟರ್‌ಗೆ ನನ್ನ ನಮಸ್ಕಾರ ತಿಳಿಸಿ ಅಂತಿದೆ. ಹಲ್ಲಿನ ಲೆಕ್ಕ ಓದಿ ನಾನು ಆಫೀಸಿನಲ್ಲಿ ಒಬ್ಬನೇ ನಕ್ಕೆ. ಆಮೇಲೆ ಸ್ವಲ್ಪ ಹೊತ್ತು ಕೆಲಸ ಸಾಗಲಿಲ್ಲ.

ಯಲ್ಲಾಪುರ ಬಸ್‌ಸ್ಟ್ಯಾಂಡು

ಎಲ್ಲ ಅಮೆರಿಕದ್ದೇ ಆಯಿತಲ್ಲ ಮಾರಾಯ್ರೆ. ನಮ್ಮ ಯಲ್ಲಾಪುರ, ಹಳಿಯಾಳ, ಅಂಕೋಲೆ ಕಾಡಿನಲ್ಲಿ ಸಿದ್ದಿ ಜನ ಇದ್ದಾರೆ. ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರನ್ನಾಗಿ ತಂದವರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಘಟ್ಟ ಹತ್ತಿದರು. ಕನ್ನಡ, ಕೊಂಕಣಿ ಎಲ್ಲ ಮಾತಾಡುತ್ತಾರೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ನನ್ನ ಕ್ಲಾಸಿನಲ್ಲಿದ್ದ ಸಿದ್ದಿ ಹುಡುಗನನ್ನು ಹೊಸ ಮೇಷ್ಟ್ರು ಬಂದಾಗಲೆಲ್ಲ ‘ನೀನು ಯಾವ ದೇಶ’ ಅಂತ ಕೇಳುತ್ತಿದ್ದರು. ಅವನು ‘ಕಿರವತ್ತಿ ಹತ್ರ’ ಅನ್ನುತ್ತಿದ್ದ.

ಕಾಗದವೇ ಬೇಕು ಅಂದರೆ ಅದೂ ಇದೆ. ಟಿಪ್ಪು ಬಿದ್ದ ಮೇಲೆ ಫ್ರಾನ್ಸಿಸ್ ಬುಕನನ್ 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿ ಬರೆದ ವರದಿ. ಭತ್ತದ ಬೆಲೆ, ಎತ್ತಿನ ಬೆಲೆ ಬರೆದ ಹಾಗೇ ಗದ್ದೆ ಆಳಿನ ಬೆಲೆ, ಅವರಿಗೆ ಕೊಡುವ ಅಕ್ಕಿ, ಬಟ್ಟೆ ಎಲ್ಲ ಬರೆದಿದ್ದಾನೆ. ದಕ್ಷಿಣ ಕನ್ನಡದಲ್ಲಿ ಭೂಮಿಯ ಜತೆಗೇ ಕೈ ಬದಲಾಗುತ್ತಿದ್ದ ಮೂಲದಾಳುಗಳು ಇದ್ದರು. 1843ರ ಕಾಯ್ದೆ ಬಂದು, ಗುಲಾಮರ ಮೇಲಿನ ಒಡೆತನವನ್ನು ಕೋರ್ಟು ಒಪ್ಪುವುದಿಲ್ಲ ಅಂದಿತು. ಆಳು ಮಾತ್ರ ಅದೇ ಗದ್ದೆಯಲ್ಲಿ ಉಳಿದ.

ರಾಲಿ ರಾಗಿಮುದ್ದೆ

ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಕೂತು ಸ್ಯಾಂಡಿ ಓದಿದೆವು. ಎರಡು ಕಂಬ ಹಾಕಿದೆವು. ಮಗಳು ತುಂಬ ಹೊತ್ತು ಸುಮ್ಮನಿದ್ದು ಒಂದು ಪ್ರಶ್ನೆ ಕೇಳಿದಳು. ‘ಅಮ್ಮಾ, ಕುದುರೆ ಮೈಮೇಲೆ ಗಾಯ ಇತ್ತು ಅಂತ ಬರೆದಿದ್ದಾರೆ. ಸ್ಯಾಂಡಿ ಮೈಮೇಲೆ ಇತ್ತಾ?’

ಆಮೇಲೆ ಹ್ಯಾರಿಯೆಟ್ ಅಟ್ಟದ ಅಳತೆ ಓದಿ ಟೇಪು ತಂದಳು. ನಮ್ಮನೆ ಮೆಟ್ಟಿಲ ಕೆಳಗಿನ ಸಾಮಾನಿನ ಗೂಡು ಹೆಚ್ಚು ಕಡಿಮೆ ಅಷ್ಟೇ ಇದೆ. ಒಳಗೆ ಹೋಗಿ ಕೂರುತ್ತೀಯಾ ಅಂತ ನಾನೇ ಪೆದ್ದಿ ಥರ ಕೇಳಿದೆ. ‘ಬೇಡ. ನಾನು ಐದು ನಿಮಿಷಕ್ಕೆ ಆಚೆ ಬಂದುಬಿಡ್ತೀನಲ್ಲ’ ಅಂದಳು.

ಚಾಕ್‌ಪೀಸು

ಅಷ್ಟು ವರ್ಷ ಆ ಜಾಹೀರಾತು ಪಾಠ ಮಾಡಿದರೂ ಕುದುರೆಯ ಗಾಯದ ಪ್ರಶ್ನೆ ನನಗೆ ಹೊಳೆದಿರಲಿಲ್ಲ ತಾಯಿ. ಬೇರೆ ಎಷ್ಟೋ ಜಾಹೀರಾತುಗಳಲ್ಲಿ ಛಡಿಯೇಟಿನ ಕಲೆಯನ್ನೇ ಗುರುತಾಗಿ ಕೊಟ್ಟಿದ್ದಾರೆ. ಇದರಲ್ಲಿ ಕುದುರೆಯದು ಮಾತ್ರ ಇದೆ. ಹುಡುಗಿಗೆ ನನ್ನ ಆಶೀರ್ವಾದ ಹೇಳಿ.

ಬಯಲುಸೀಮೆ

ಮೊದಲಿನಿಂದ ಓದುತ್ತಿದ್ದೇನೆ. ಒಂದು ವಿಷಯ ಯಾರೂ ಎತ್ತಲಿಲ್ಲ. ಖಾಲಿ ಹಾಳೆ ಕೊಟ್ಟ ಹುಡುಗ.

ನಮ್ಮ ತಾತ ಜೀತಕ್ಕಿದ್ದವರು. ನಾನು ಹೈಸ್ಕೂಲಿನಲ್ಲಿದ್ದಾಗ 1976ರ ಜೀತ ರದ್ದು ಕಾಯ್ದೆ ಪಾಠ ಬಂತು. ಮೇಷ್ಟ್ರು ಒಳ್ಳೆಯ ಉದ್ದೇಶದಿಂದಲೇ, ‘ನಿಮ್ಮಲ್ಲಿ ಯಾರ ಮನೆಯಲ್ಲಿ ಜೀತಕ್ಕಿದ್ದರು, ಕೈ ಎತ್ತಿ, ಅನುಭವ ಹೇಳಿ’ ಅಂದರು. ನಾನು ಡೆಸ್ಕಿನ ಕೆಳಗೆ ಪೆನ್ನು ಬಿದ್ದ ಹಾಗೆ ಮಾಡಿ ಬಗ್ಗಿದೆ. ಪಾಠ ಮುಗಿಯುವವರೆಗೂ ಹುಡುಕಿದೆ. ನಿಮಗೆ ಇದು ಓದುವ ಅಭ್ಯಾಸ. ನಮಗೆ ಮನೆ ಮಾತು. ಮನೆಯಲ್ಲೂ ಆಡದ ಮಾತು. ಆ ಹುಡುಗನ ಹಾಳೆಯನ್ನೂ ಒಂದು ದಾಖಲೆ ಅಂತ ಓದಿ. ಅದರ ಮೇಲೆ ಸೊನ್ನೆ ಹಾಕಿರುತ್ತಾರೆ, ಅದನ್ನೂ ಓದಿ.

ರಾಲಿ ರಾಗಿಮುದ್ದೆ

ಸರ್, ನಾನು ಅದನ್ನು ಒಂದು ಸಾಲಿನಲ್ಲಿ ಬರೆದು ದಾಟಿಬಿಟ್ಟಿದ್ದೆ. ಸೋಮವಾರ ಟೀಚರ್ ಹತ್ತಿರ ಮಾತಾಡುತ್ತೇನೆ. ಆ ಹುಡುಗನ ಹೆಸರು ಎತ್ತುವುದಿಲ್ಲ, ಹೋಂವರ್ಕ್ ಬಗ್ಗೆ ಮಾತ್ರ.

ಅಟ್ಟದ ಟ್ರಂಕು

ಇಲ್ಲಿ ಬರೆಯಲೋ ಬೇಡವೋ ಅಂತ ಮೂರು ದಿನ ಯೋಚಿಸಿದೆ. ಹೋದ ವರ್ಷ ಊರಿನ ಮನೆ ಕೆಡವುವಾಗ ಅಟ್ಟದ ಟ್ರಂಕಿನಲ್ಲಿ ಒಂದು ಕಾಗದ ಸಿಕ್ಕಿತು. ಫೋಟೊ ಹಾಕಿದ್ದೇನೆ, ಅಕ್ಷರ ಮಾಸಿದೆ. ಒಕ್ಕಣೆ ಹೀಗಿದೆ. 1957. ‘ನನ್ನ ತಂಗಿಯ ಮದುವೆ ಖರ್ಚಿಗೆ ತಮ್ಮಿಂದ 120 ರೂಪಾಯಿ ಪಡೆದಿರುತ್ತೇನೆ. ಸದರಿ ಹಣ ತೀರುವವರೆಗೆ ನನ್ನ ಮಗನನ್ನು ತಮ್ಮ ಮನೆಯ ಕೆಲಸಕ್ಕೆ ಬಿಟ್ಟಿರುತ್ತೇನೆ. ವರ್ಷಕ್ಕೆ ಒಂದು ಕಂಬಳಿ, ಒಂದು ಜೊತೆ ಮೆಟ್ಟು ಕೊಡತಕ್ಕದ್ದು. ಇದನ್ನು ಯಾರ ಬಲವಂತವೂ ಇಲ್ಲದೆ ಸ್ವಇಚ್ಛೆಯಿಂದ ಬರೆಸಿಕೊಟ್ಟಿರುತ್ತೇನೆ.’ ಎಡಗೈ ಹೆಬ್ಬೆಟ್ಟು. ಇಬ್ಬರು ಸಾಕ್ಷಿ. ಇದನ್ನು ಹೇಗೆ ಓದಬೇಕು ಹೇಳಿ.

ಹಳೇ ಕಡತ

‘ಸ್ವಇಚ್ಛೆಯಿಂದ’ ಅನ್ನುವುದನ್ನು ನಾರ್ಕಮ್‌ನ ‘ಕಾರಣವಿಲ್ಲದೆ’ ಪಕ್ಕ ಇಟ್ಟು ಓದಿ.

ಬ್ಯಾಲೆನ್ಸ್ ಶೀಟು

ನಾನು ನೋಡುವುದು ಬೇರೆ. ಅಸಲು ಇದೆ. ವರ್ಷಕ್ಕೆ ಎಷ್ಟು ಕೂಲಿ ಮುರಿದುಕೊಳ್ಳುತ್ತಾರೆ ಅಂತ ಎಲ್ಲೂ ಇಲ್ಲ. ‘ತೀರುವವರೆಗೆ’ ಅಂದರೆ ಹೇಗೆ ತೀರುತ್ತದೆ? ಯಾವ ಲೆಕ್ಕದಲ್ಲೂ ಈ ಸಾಲ ಒಂದು ರೂಪಾಯಿ ಇಳಿಯುವುದಿಲ್ಲ. ಕಾಗದ ಬರೆದವರಿಗೆ ಲೆಕ್ಕ ಬರುತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ.

ಟೇಪ್ ರೆಕಾರ್ಡರ್

ಮಗನ ವಯಸ್ಸು ಬರೆದಿಲ್ಲ. ಹೆಸರೂ ಇಲ್ಲ.

ಬಯಲುಸೀಮೆ

ಟ್ರಂಕು ಅವರೇ, ಕಾಗದ ಹಾಕಿದ್ದಕ್ಕೆ ಬೈಯುವುದಿಲ್ಲ. ಎಷ್ಟೋ ಮನೆಯಲ್ಲಿ ಇಂಥದ್ದು ಒಲೆಗೆ ಹೋಗಿದೆ. ಆದರೆ ನಿಮ್ಮ ಫೋಟೊ ಇನ್ನೊಮ್ಮೆ ನೋಡಿ. ಸಾಲ ಕೊಟ್ಟವರ ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆದಿದ್ದೀರಿ. ನಿಮ್ಮ ಅಜ್ಜ ಇರಬೇಕು. ಸಾಕ್ಷಿಗಳ ಹೆಸರಿಗೂ ಎಳೆದಿದ್ದೀರಿ. ಹೆಬ್ಬೆಟ್ಟು ಒತ್ತಿದವನ ಹೆಸರು, ಅವನ ಅಪ್ಪನ ಹೆಸರು, ಜಾತಿ, ಊರು ಎಲ್ಲ ಹಾಗೇ ಬಿಟ್ಟಿದ್ದೀರಿ.

ಅಟ್ಟದ ಟ್ರಂಕು

ಫೋಟೊ ತೆಗೆದಿದ್ದೇನೆ.

ಅಟ್ಟದ ಟ್ರಂಕು

(ಎರಡು ದಿನ ಬಿಟ್ಟು) ಬೇಕಂತ ಮಾಡಿದ್ದಲ್ಲ ಅಂತ ಬರೆಯಲು ಹೊರಟೆ. ಬೇಕಂತ ಮಾಡಿರಲಿಲ್ಲ ಅನ್ನುವುದೇ ಜಾಸ್ತಿ ಕೆಟ್ಟದ್ದು ಅನ್ನಿಸಿ ಅಳಿಸಿದೆ. ಈಗ ಹೆಬ್ಬೆಟ್ಟಿನ ಗುರುತು ಮಾತ್ರ ಇರುವ ಫೋಟೊ ಹಾಕುತ್ತಿದ್ದೇನೆ, ಹೆಸರುಗಳೆಲ್ಲ ಮುಚ್ಚಿ. ಶಾಯಿ ಜಾಸ್ತಿಯಾಗಿ ಬೆರಳ ಗೆರೆ ಕಲಸಿಹೋಗಿದೆ. ಆ ಮನುಷ್ಯ ತಾನೇ ಕೈಯಾರೆ ಆ ಕಾಗದದ ಮೇಲೆ ಇಟ್ಟದ್ದು ಅದೊಂದೇ.

ಅವರ ಮನೆಯವರು ಊರಲ್ಲೇ ಇದ್ದಾರೆ. ಮೊಮ್ಮಗ ಬಸ್‌ಸ್ಟ್ಯಾಂಡ್ ಹತ್ತಿರ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ದೀಪಾವಳಿಗೆ ಹೋದಾಗ ಕಾಗದ ಅವನ ಕೈಗೇ ಕೊಟ್ಟು ಬರಬೇಕು ಅಂತಿದ್ದೇನೆ.

ಬಯಲುಸೀಮೆ

ಹಬ್ಬದ ದಿನ ಅಂಗಡಿ ಮುಂದೆ ಜನರ ಎದುರಿಗೆ ಕೊಡಬೇಡಿ. ಮೊದಲು ಒಂದು ಫೋನ್ ಮಾಡಿ. ಇಂಥದ್ದು ನನ್ನ ಹತ್ತಿರ ಇದೆ, ನಿಮಗೆ ಬೇಕಾ ಅಂತ ಕೇಳಿ. ಬೇಡ ಅಂದರೆ ಯಾಕೆ ಅಂತ ಕೇಳಬೇಡಿ.

ಅಟ್ಟದ ಟ್ರಂಕು

ನಂಬರ್ ಇಲ್ಲ. ಯಾರ ಹತ್ತಿರವಾದರೂ ಕೇಳಿ ತೆಗೆದುಕೊಳ್ಳುತ್ತೇನೆ.

ಬಯಲುಸೀಮೆ

ಅಂಗಡಿ ಬೋರ್ಡಿನ ಮೇಲೇ ಇರುತ್ತದೆ ನೋಡಿ.